ಫೋನ್ ತಯಾರಿಸುವುದಾದರೆ ಉಳಿಯುವುದಕ್ಕೆ ಬನ್ನಿ, ಇಲ್ಲ ಅಂದರೆ ಬರಲೇಬೇಡಿ

ಸಂಪಾದಕರಿಗೆ ನಮಸ್ಕಾರ,

ಕಂಪ್ಯೂಟರ್ ಮಾಡುವ ಕಂಪನಿಗಳು ಸ್ಮಾರ್ಟ್‌ಫೋನ್ ಕೂಡ ಯಾಕೆ ಮಾಡಬಾರದು ಅನ್ನುವ ಮಾತು ಆಗಾಗ ಏಳುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ಮಾರಾಟ ಮಂದ ಆದಾಗಲಂತೂ ಇನ್ನೂ ಜಾಸ್ತಿ. ಹೆಸರು ಜನರಿಗೆ ಗೊತ್ತು, ಊರೂರಿಗೆ ಡೀಲರುಗಳಿದ್ದಾರೆ, ಚಿಪ್ ಕೊಡುವವರಿದ್ದಾರೆ, ಆಂಡ್ರಾಯ್ಡ್ ಪುಕ್ಕಟೆ ಸಿಗುತ್ತದೆ, ಇನ್ನೇನು ಬೇಕು ಅನ್ನುವ ಲೆಕ್ಕ. ನಾನು ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಮಾರಿ, ರಿಪೇರಿ ಮಾಡಿ ಬದುಕುವವನು. ನನ್ನ ಭಾವಮೈದ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಲ್ಲಿ ಮೊಬೈಲ್ ರಿಪೇರಿ ಕೌಂಟರ್ ಇಟ್ಟಿದ್ದಾನೆ. ಎರಡೂ ವ್ಯಾಪಾರವನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬರಬೇಡಿ. ಬಂದೇ ಬರುತ್ತೇವೆ ಅಂದರೆ, ಮಾರಾಟ ನಿಂತ ಮೇಲೂ ಏಳು ವರ್ಷ ಪಾರ್ಟ್ಸ್ ಕೊಡುತ್ತೇವೆ, ಅಪ್‌ಡೇಟ್ ಕೊಡುತ್ತೇವೆ ಅಂತ ಬಾಕ್ಸ್ ಮೇಲೆ ಬರೆದು ಬನ್ನಿ.

ಇದು ಎಲ್ಲೋ ಅಮೆರಿಕದಲ್ಲೋ ತೈವಾನ್‌ನಲ್ಲೋ ತೀರ್ಮಾನ ಆಗುವ ವಿಷಯ, ನಮಗೇನು ಅಂತ ಸುಮ್ಮನಿರುವ ಹಾಗಿಲ್ಲ. ಡೆಲ್, ಲೆನೊವೊ, ಏಸರ್ ಮೂರೂ ಕಂಪನಿಗಳ ಭಾರತದ ಮುಖ್ಯ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. ಎಚ್‌ಪಿಯ ದೊಡ್ಡ ಕಚೇರಿಗಳೂ ಇಲ್ಲಿವೆ. ಅವರು ಹೊಸ ವಿಭಾಗ ತೆರೆದರೆ ನಮ್ಮ ಮಕ್ಕಳು ಕೆಲಸಕ್ಕೆ ಸೇರುತ್ತಾರೆ, ಮುಚ್ಚಿದರೆ ಅದೇ ಮಕ್ಕಳು ಮನೆಗೆ ಬರುತ್ತಾರೆ. ಫೋನ್ ತಗೊಂಡವರ ಪಾಡು ಬೇರೆ. ಅವರು ಬಿಲ್ ಹಿಡಿದುಕೊಂಡು ನಮ್ಮಂಥ ಸಣ್ಣ ಅಂಗಡಿಗಳಿಗೆ ಅಲೆಯುತ್ತಾರೆ.

ಹಿಂದೆ ಏನಾಯಿತು ಅಂತ ಸ್ವಲ್ಪ ನೋಡೋಣ. ಡೆಲ್ 2010ರಲ್ಲಿ ಸ್ಟ್ರೀಕ್ ಅಂತ ಐದು ಇಂಚಿನ ಫೋನ್ ತಂದಿತು. ಇಷ್ಟು ದೊಡ್ಡ ಫೋನ್ ಯಾರು ಹಿಡಿದುಕೊಳ್ಳುತ್ತಾರೆ ಅಂತ ಆಗ ಜನ ಆಡಿಕೊಂಡರು. ಈಗ ಐದು ಇಂಚಿನ ಹೊಸ ಫೋನ್ ಹುಡುಕಿದರೂ ಸಿಗುವುದು ಕಷ್ಟ, ಎಲ್ಲವೂ ಆರೂವರೆ ಇಂಚಿನ ಆಸುಪಾಸು. ಅಂದರೆ ಡೆಲ್‌ನವರು ಮುಂದಿನದನ್ನು ಸರಿಯಾಗಿಯೇ ಕಂಡಿದ್ದರು. ಆದರೆ ಅದರ ಹಿಂದೆ ನಿಲ್ಲುವ ತಾಳ್ಮೆ ಇರಲಿಲ್ಲ. ಅದೇ ಸಮಯದಲ್ಲಿ ಇಂಡಿಯಾಕ್ಕೆ ಅಂತ ಎಕ್ಸ್‌ಸಿಡಿ28, ಎಕ್ಸ್‌ಸಿಡಿ35 ಅನ್ನುವ ಎರಡು ಕಡಿಮೆ ಬೆಲೆಯ ಫೋನ್ ಕೂಡ ತಂದರು. ಅವನ್ನು ಮಾಡಿದ್ದು ಚೀನಾದ ಝಡ್‌ಟಿಇ, ಮೇಲೆ ಅಂಟಿಸಿದ್ದು ಡೆಲ್ ಹೆಸರು. 2012ರ ಕೊನೆಗೆ ಡೆಲ್ ಫೋನಿನಿಂದಲೇ ಕೈ ತೊಳೆದುಕೊಂಡಿತು. ಡೆಲ್ ಹೆಸರು ನಂಬಿ ದುಡ್ಡು ಕೊಟ್ಟವರ ಕೈಯಲ್ಲಿ ಇನ್ಯಾರೋ ಮಾಡಿದ ಫೋನ್ ಉಳಿಯಿತು.

ಎಚ್‌ಪಿ ಕಥೆ ಇನ್ನೂ ಬೇಜಾರಿನದು. 2010ರಲ್ಲಿ 120 ಕೋಟಿ ಡಾಲರ್ ಕೊಟ್ಟು ಫೋನ್ ತಯಾರಿಸುತ್ತಿದ್ದ ಪಾಮ್ ಕಂಪನಿಯನ್ನು ಕೊಂಡರು. ಪಾಮ್‌ನವರ ವೆಬ್‌ಓಎಸ್ ಫೋನನ್ನು ನಡೆಸುವ, ನಿಜಕ್ಕೂ ಒಳ್ಳೆಯ ಸಾಫ್ಟ್‌ವೇರ್. ಒಂದು ಆಪ್‌ನಿಂದ ಇನ್ನೊಂದಕ್ಕೆ ಕಾರ್ಡ್ ಸರಿಸಿದ ಹಾಗೆ ಹೋಗುವುದು, ಬೇಡದ್ದನ್ನು ಮೇಲಕ್ಕೆ ತಳ್ಳಿ ಮುಚ್ಚುವುದು, ಇವತ್ತು ಎಲ್ಲ ಫೋನಿನಲ್ಲೂ ನಾವು ಮಾಡುವುದನ್ನು ಅವರು ಆಗಲೇ ಮಾಡಿ ತೋರಿಸಿದ್ದರು. 2011ರ ಜುಲೈ 1ಕ್ಕೆ ಟಚ್‌ಪ್ಯಾಡ್ ಅನ್ನುವ ಟ್ಯಾಬ್ಲೆಟ್ ಬಂತು. ಆಗಸ್ಟ್ 18ಕ್ಕೆ ಟ್ಯಾಬ್ಲೆಟ್ಟೂ ಸಾಕು, ಫೋನೂ ಸಾಕು ಅಂದುಬಿಟ್ಟರು! ಎರಡು ತಿಂಗಳೂ ತುಂಬಿರಲಿಲ್ಲ. 499 ಡಾಲರಿನ ಟಚ್‌ಪ್ಯಾಡನ್ನು 99 ಡಾಲರಿಗೆ ಮಾರಿ ಗೋದಾಮು ಖಾಲಿ ಮಾಡಿದರು. ಆ ವೆಬ್‌ಓಎಸ್ ಆಮೇಲೆ ಎಲ್‌ಜಿ ಕೈ ಸೇರಿ ಈಗ ಟಿವಿಗಳಲ್ಲಿ ಓಡುತ್ತಿದೆ. ಎಚ್‌ಪಿ ಅಲ್ಲಿಗೂ ಬಿಡಲಿಲ್ಲ. 2014ರಲ್ಲಿ ನಮ್ಮ ದೇಶಕ್ಕೇ ಅಂತ ಸ್ಲೇಟ್ ವಾಯ್ಸ್‌ಟ್ಯಾಬ್ ತಂದರು, 2016ರಲ್ಲಿ ವಿಂಡೋಸ್ ಹಾಕಿ ಎಲೈಟ್ ಎಕ್ಸ್3 ತಂದರು. ಮೈಕ್ರೋಸಾಫ್ಟ್ ಫೋನಿನ ವಿಂಡೋಸನ್ನೇ ಕೈಬಿಟ್ಟಾಗ ಅದೂ ಮುಗಿಯಿತು. ಬಂದ ಪುಟ್ಟ ಹೋದ ಪುಟ್ಟ ಅಂತಾರಲ್ಲ, ಹಾಗೆ.

ಇನ್ನೊಂದು ಕಂಪ್ಯೂಟರ್ ಕಂಪನಿ ಏಸಸ್‌ನವರು ಇವರಷ್ಟು ಬೇಗ ಓಡಲಿಲ್ಲ, ಅದನ್ನು ಒಪ್ಪಬೇಕು. 2014ರಲ್ಲಿ ಬಂದ ಝೆನ್‌ಫೋನ್ ಇಲ್ಲಿ ಚೆನ್ನಾಗಿಯೇ ಮಾರಾಟ ಆಯಿತು. ಮೊದಲ ಕೆಲವು ಮಾಡೆಲ್‌ಗಳಲ್ಲಿ ಇಂಟೆಲ್ ಚಿಪ್ ಇತ್ತು. ಕಂಪ್ಯೂಟರ್ ವ್ಯಾಪಾರದಲ್ಲಿ ಇಂಟೆಲ್ ಅಂದರೆ ಮನೆಯವರಿದ್ದ ಹಾಗೆ, ಆ ನಂಬಿಕೆಯ ಮೇಲೆ ಹಾಕಿದ್ದಿರಬೇಕು. 2016ರಲ್ಲಿ ಇಂಟೆಲ್ ಫೋನಿನ ಚಿಪ್ ಯೋಜನೆಗಳನ್ನೇ ನಿಲ್ಲಿಸಿತು. 2019ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಝೆನ್ ಅನ್ನುವ ಹೆಸರಿನ ಮೇಲೆ ಇನ್ನೊಂದು ಮೊಬೈಲ್ ಕಂಪನಿ ಕೇಸು ಹಾಕಿ, ಝೆನ್‌ಫೋನ್ ಹೆಸರನ್ನೇ ಇಲ್ಲಿ ಬಳಸದ ಹಾಗಾಯಿತು. ಇಡೀ ಜಗತ್ತಿಗೆ ಝೆನ್‌ಫೋನ್ 6 ಆಗಿದ್ದದ್ದು ನಮ್ಮಲ್ಲಿ 6ಝಡ್ ಆಯಿತು. ಕಂಪ್ಯೂಟರ್ ಮಾರುವವನಿಗೆ ಕನಸಲ್ಲೂ ಬಾರದ ತಾಪತ್ರಯಗಳು ಇವು.

ಇನ್ನು ಏಸರ್. 2008ರಲ್ಲಿ ಇ-ಟೆನ್ ಅನ್ನುವ ತೈವಾನ್ ಕಂಪನಿಯನ್ನು ಕೊಂಡು, ಮುಂದಿನ ವರ್ಷವೇ ಸ್ಮಾರ್ಟ್‌ಫೋನ್ ಮಾರುಕಟ್ಟೆಗೆ ತಂದರು. ಕೆಲವು ವರ್ಷ ಓಡಿತು, ಸದ್ದಿಲ್ಲದೆ ನಿಂತಿತು. 2025ರಲ್ಲಿ ಮತ್ತೆ ಏಸರ್ ಹೆಸರಿನ ಫೋನ್ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂತು. ಆದರೆ ಈ ಸಲ ಹೆಸರು ಮಾತ್ರ ಏಸರ್. ಲೈಸೆನ್ಸ್ ಪಡೆದು ಫೋನ್ ತಂದದ್ದು ಇಂಡ್ಕಾಲ್ ಅನ್ನುವ ಬೆಂಗಳೂರಿನ ಕಂಪನಿ. ನಮ್ಮೂರಿನವರು ಒಂದು ಬ್ರ್ಯಾಂಡ್ ಹಿಡಿದು ಮೇಲೆ ಬರಲಿ, ನನಗೆ ಸಂತೋಷವೇ. ಆದರೆ ಹೆಸರು ಕೊಟ್ಟವರೂ ಅಷ್ಟೇ ಜವಾಬ್ದಾರಿ ಹೊರಬೇಕು ಅನ್ನುವುದು ನನ್ನ ಮಾತು. ಗಿರಾಕಿ ಬಾಕ್ಸ್ ಮೇಲಿನ ದೊಡ್ಡ ಅಕ್ಷರ ನೋಡಿ ದುಡ್ಡು ಕೊಡುತ್ತಾನೆ, ಹಿಂದೆ ಸಣ್ಣದಾಗಿ ಅಚ್ಚಾಗಿರುವ ವಿಳಾಸ ನೋಡಿ ಅಲ್ಲ.

ಹಾಗಾದರೆ ಕಂಪ್ಯೂಟರ್ ಮಾಡುವವರಿಗೆ ಫೋನ್ ಯಾಕೆ ಒಗ್ಗುವುದಿಲ್ಲ? ನನ್ನ ಅನುಭವದಲ್ಲಿ ದೊಡ್ಡ ಕಾರಣ ಒಂದೇ. ಕಂಪ್ಯೂಟರ್ ಮಾರಿದ ಮೇಲೆ ಅದನ್ನು ಬದುಕಿಸಿಡುವ ಕೆಲಸ ಬಹುಪಾಲು ಬೇರೆಯವರದು. ಫೋನ್ ಮಾರಿದ ಮೇಲೆ ಆ ಕೆಲಸ ಮಾರಿದವನದೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಹತ್ತು ವರ್ಷದ ಹಿಂದಿನ ಒಂದು ಲ್ಯಾಪ್‌ಟಾಪ್ ತನ್ನಿ. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿಕೊಂಡು ಹೋಗಿದ್ದರೂ ವಿಂಡೋಸ್ ಅಪ್‌ಡೇಟ್ ಮೈಕ್ರೋಸಾಫ್ಟ್‌ನಿಂದ ನೇರವಾಗಿ ಬಂದಿರುತ್ತದೆ, ಲ್ಯಾಪ್‌ಟಾಪ್ ಯಾರದ್ದು ಅಂತ ಅದು ಕೇಳಿರುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿತು, ಅದರಿಂದ ನಮ್ಮ ರಸ್ತೆಯಲ್ಲೂ ಬೇಕಾದಷ್ಟು ಜನ ಒದ್ದಾಡಿದರು, ನಿಜ. ಆದರೆ ಆಗಲೂ ದಾರಿ ಇತ್ತು. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟೆವು, ಮಕ್ಕಳ ಓದಿಗೆ, ಟೈಪಿಂಗ್‌ಗೆ, ಬ್ಯಾಂಕಿನ ವೆಬ್‌ಸೈಟ್‌ಗೆ ಧಾರಾಳ ಸಾಕು. ಫೋನಿನಲ್ಲಿ ಹಾಗಲ್ಲ. ಗೂಗಲ್ ಹೊಸ ಆಂಡ್ರಾಯ್ಡ್ ಬಿಡುಗಡೆ ಮಾಡಿದರೆ ಅದು ನೇರ ನಿಮ್ಮ ಕೈಗೆ ಬರುವುದಿಲ್ಲ. ಮೊದಲು ಚಿಪ್ ಮಾಡಿದವರು, ಅಂದರೆ ಕ್ವಾಲ್‌ಕಾಮ್‌ನವರೋ ಮೀಡಿಯಾಟೆಕ್‌ನವರೋ, ಆ ಚಿಪ್‌ಗೆ ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್, ಸರಿಮಾಡಿ ಕೊಡಬೇಕು. ಆಮೇಲೆ ಫೋನ್ ಕಂಪನಿ ಅದನ್ನು ತನ್ನ ಕ್ಯಾಮೆರಾಗೆ, ತನ್ನ ಡಿಸ್ಪ್ಲೇಗೆ, ತನ್ನ ಫಿಂಗರ್‌ಪ್ರಿಂಟ್‌ಗೆ ಹೊಂದಿಸಿ, ಪ್ರತಿ ಮಾಡೆಲ್‌ಗೂ ಪರೀಕ್ಷೆ ಮಾಡಿ ಕಳಿಸಬೇಕು. ಈ ಸಾಲಿನಲ್ಲಿ ಒಬ್ಬರು ಕೈ ಎತ್ತಿದರೂ ಫೋನ್ ಅಲ್ಲೇ ನಿಂತಿತು. ನಾಲ್ಕೈದು ವರ್ಷ ಕಳೆದರೆ ಬ್ಯಾಂಕಿನ ಆಪ್ ಒಂದೊಂದಾಗಿ ಹಠ ಮಾಡಲು ಶುರು ಮಾಡುತ್ತದೆ, ಫೋನ್ ನೋಡಲು ಹೊಸದರ ಹಾಗೇ ಇರುತ್ತದೆ.

ಪಾರ್ಟ್ಸ್ ವಿಷಯ ಇನ್ನೂ ಗಂಭೀರ. ಕಳೆದ ವರ್ಷದ ಒಂದು ಸಂಗತಿ ಹೇಳುತ್ತೇನೆ. ಭಾವಮೈದನ ಕೌಂಟರಿಗೆ ಹೂವು ಮಾರುವ ಅಮ್ಮ ಒಬ್ಬರು ಫೋನ್ ತಂದಿದ್ದರು. ಒಂದು ಕಂಪ್ಯೂಟರ್ ಕಂಪನಿಯ ಫೋನ್, ಹೆಸರು ಇಲ್ಲಿ ಬೇಡ. ಮಗ ಕೊಡಿಸಿದ್ದಂತೆ. ಕೈಜಾರಿ ಬಿದ್ದು ಗಾಜು ಒಡೆದಿತ್ತು, ಬಲಗಡೆ ಟಚ್ ಕೆಲಸ ಮಾಡುತ್ತಿರಲಿಲ್ಲ. ಮಿಕ್ಕಿದ್ದೆಲ್ಲ ಗಟ್ಟಿಮುಟ್ಟು, ಬ್ಯಾಟರಿ ಇಡೀ ದಿನ ಬರುತ್ತಿತ್ತು. ಬೇಕಿದ್ದದ್ದು ಒಂದು ಕಾಂಬೊ ಅಷ್ಟೇ, ಅಂದರೆ ಡಿಸ್ಪ್ಲೇ ಮತ್ತು ಟಚ್ ಸೇರಿಸಿ ಅಂಟಿಸಿದ ಒಂದೇ ಪೀಸ್. ಅವನು ತನ್ನ ಡ್ರಾಯರ್ ಎಲ್ಲ ತಡಕಾಡಿದ. ಪಕ್ಕದ ಅಂಗಡಿಗಳಲ್ಲಿ ಕೇಳಿದ. ಹೋಲ್‌ಸೇಲಿನವರ ಗ್ರೂಪಿಗೆ ಮಾಡೆಲ್ ನಂಬರಿನ ಫೋಟೊ ಹಾಕಿದ. ದೆಹಲಿಯಿಂದ ಒಬ್ಬರು ಕಾಪಿ ಪೀಸ್ ಇದೆ ಅಂದರು, ತರಿಸಿದ. ಹೀಟ್ ಮಾಡಿ ಹಳೆ ಗಾಜು ಬಿಚ್ಚಿ, ಬ್ಲೇಡಿನಿಂದ ಗಮ್ ಕೆರೆದು, ಹೊಸದನ್ನು ಇಟ್ಟು ನೋಡಿದರೆ ಬೋರ್ಡಿಗೆ ಸೇರಿಸುವ ಪಟ್ಟಿ ವೈರಿನ ಕನೆಕ್ಟರೇ ಕೂರಲಿಲ್ಲ. ಅದೇ ಹೆಸರಿನ ಫೋನಿನಲ್ಲಿ ಎರಡು ಬಗೆ ಬಂದಿತ್ತಂತೆ, ಈ ಅಮ್ಮನದ್ದು ಇನ್ನೊಂದು ಬಗೆ. ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ ಆ ಮಾಡೆಲ್ ನಿಂತುಹೋಗಿದೆ, ಹೊಸದು ತಗೊಳ್ಳಲಿಕ್ಕೆ ಹೇಳಿ ಅಂದರು. "ಗಾಜೊಂದೇ ತಾನೇ ಹೋಗಿರೋದು, ಒಳಗೆ ಎಲ್ಲಾ ಚೆನ್ನಾಗೇ ಇದೆಯಲ್ಲಪ್ಪಾ" ಅಂತ ಆ ಅಮ್ಮ ಕೇಳುತ್ತಲೇ ಇದ್ದರು. ಅವನ ಹತ್ತಿರ ಉತ್ತರ ಇರಲಿಲ್ಲ. ಕಾಪಿ ಪೀಸಿನ ದುಡ್ಡೂ ಅವನ ಮೈಮೇಲೆ ಬಂತು.

ಅದೇ ದಿನಗಳಲ್ಲಿ ನನ್ನ ಅಂಗಡಿಗೆ ಒಬ್ಬ ಪಿಯುಸಿ ಹುಡುಗ ಅವರ ಅಕ್ಕ ಓದುವಾಗ ತಗೊಂಡ ಲ್ಯಾಪ್‌ಟಾಪ್ ತಂದಿದ್ದ. ಆನ್ ಆಗಲು ಕಾಫಿ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದೆ, ಇನ್ನೊಂದು ಸ್ಲಾಟ್‌ಗೆ ಹಳೆ ರ್‍ಯಾಮ್ ಒಂದು, ಅಂದರೆ ಮೆಮೊರಿ ಪಟ್ಟಿ, ಸೇರಿಸಿದೆ, ಫ್ಯಾನಿನ ಧೂಳು ಊದಿ, ಚಿಪ್‌ನ ಬಿಸಿ ಇಳಿಸುವ ಪೇಸ್ಟ್ ಬದಲಾಯಿಸಿದೆ. ಮಧ್ಯಾಹ್ನ ಕೊಟ್ಟು ಸಂಜೆ ತಗೊಂಡು ಹೋದ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಎಸ್‌ಎಸ್‌ಡಿ ಯಾವ ಕಂಪನಿಯದ್ದಾದರೂ ಕೂರುತ್ತದೆ, ರ್‍ಯಾಮ್ ಯಾವ ಕಂಪನಿಯದ್ದಾದರೂ ಕೂರುತ್ತದೆ. ಇಡೀ ಎಸ್.ಪಿ. ರಸ್ತೆ ನಿಂತಿರುವುದೇ ಇದರ ಮೇಲೆ. ಕಂಪ್ಯೂಟರ್ ಕಂಪನಿಗಳು ಈ ಅನುಕೂಲದಲ್ಲೇ ಬೆಳೆದವು. ತಾವು ಮರೆತ ಗಿರಾಕಿಯನ್ನು ಬೇರೆ ಯಾರೋ ನೋಡಿಕೊಳ್ಳುತ್ತಾರೆ ಅನ್ನುವ ಅಭ್ಯಾಸ ಅವರಿಗೆ ಇದೆ. ಆ ಅಭ್ಯಾಸ ಇಟ್ಟುಕೊಂಡು ಫೋನ್ ಮಾಡಿದರೆ ಆ ಹೂವಿನ ಅಮ್ಮನಿಗೆ ಆದದ್ದೇ ಎಲ್ಲರಿಗೂ ಆಗುವುದು. (ಈಗೀಗ ಲ್ಯಾಪ್‌ಟಾಪಿನಲ್ಲೂ ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿ ಕಳಿಸುವುದು ಜಾಸ್ತಿ ಆಗಿದೆ, ಅದರ ಬಗ್ಗೆ ಬೇರೆಯೇ ಪತ್ರ ಬರೆಯಬೇಕು.)

ಫೋನಿನ ಒಳಗಿನ ರೇಡಿಯೊ ಭಾಗ, ಅಂದರೆ ಮೋಡೆಮ್, ಇನ್ನೊಂದು ದೊಡ್ಡ ತಲೆನೋವು. ಟವರ್ ಜೊತೆ ಮಾತಾಡುವ ಈ ಚಿಪ್ ಮಾಡುವುದು ಎಷ್ಟು ಕಷ್ಟ ಅನ್ನುವುದಕ್ಕೆ ಆಪಲ್ ಉದಾಹರಣೆ ಸಾಕು. 2019ರಲ್ಲಿ ನೂರು ಕೋಟಿ ಡಾಲರ್ ಕೊಟ್ಟು ಇಂಟೆಲ್‌ನ ಫೋನ್ ಮೋಡೆಮ್ ವಿಭಾಗವನ್ನೇ, ಎಂಜಿನಿಯರುಗಳ ಸಮೇತ ಕೊಂಡರು. ತಮ್ಮದೇ ಮೋಡೆಮ್ ಹಾಕಿದ ಮೊದಲ ಐಫೋನ್ ಹೊರಬಂದದ್ದು 2025ರಲ್ಲಿ, ಐಫೋನ್ 16ಇ. ಜಗತ್ತಿನಲ್ಲೇ ಅತಿ ಜಾಸ್ತಿ ದುಡ್ಡಿರುವ ಕಂಪನಿಗಳಲ್ಲಿ ಒಂದಕ್ಕೇ ಇಷ್ಟು ವರ್ಷ ಹಿಡಿಯಿತು. ಸ್ವಂತದ್ದು ಇಲ್ಲದಿದ್ದರೆ ಬೇರೆಯವರ ಚಿಪ್, ಬೇರೆಯವರ ಪೇಟೆಂಟ್, ಪ್ರತಿ ಫೋನಿಗೂ ರಾಯಲ್ಟಿ. ನಮ್ಮ ದೇಶದ ಮೈಕ್ರೋಮ್ಯಾಕ್ಸ್ ಮೇಲೆ ಎರಿಕ್ಸನ್ 2013ರಲ್ಲಿ ದೆಹಲಿ ಹೈಕೋರ್ಟಿಗೆ ಹೋಗಿದ್ದು ಇದೇ ವಿಷಯಕ್ಕೆ. ಲ್ಯಾಪ್‌ಟಾಪಿನಲ್ಲಿ ಸಿಗುವ ಸಣ್ಣ ಮಾರ್ಜಿನ್‌ನಲ್ಲಿ ಬದುಕುವವರು ಅದಕ್ಕಿಂತ ಸಣ್ಣ ಮಾರ್ಜಿನ್ನಿಗೆ ಇಳಿದು ಇದನ್ನೆಲ್ಲ ಹೊರಬೇಕು. ಇನ್ನು ಮೆಮೊರಿ. ಎಐ ಸರ್ವರುಗಳಿಗೆ ಮೆಮೊರಿ ಚಿಪ್ ಎಳೆದುಕೊಂಡು ಹೋಗುತ್ತಿರುವುದರಿಂದ 2025ರ ಕೊನೆಯಿಂದ ರ್‍ಯಾಮ್ ಬೆಲೆ ಹೇಗೆ ಏರಿತು ಅಂತ ನಮ್ಮ ರಸ್ತೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಅಂಥ ಹೊತ್ತಿನಲ್ಲಿ ಚಿಪ್ ಮಾಡುವವರು ಕೋಟಿಗಟ್ಟಲೆ ಫೋನ್ ಮಾಡುವವರಿಗೆ ಮೊದಲು ಕೊಡುತ್ತಾರಾ, ಲಕ್ಷ ಫೋನಿನ ಆರ್ಡರ್ ಹಿಡಿದು ಹೊಸದಾಗಿ ಬಂದವರಿಗಾ?

ಆಪಲ್ ಕೂಡ ಕಂಪ್ಯೂಟರ್ ಕಂಪನಿಯೇ ಆಗಿತ್ತಲ್ವಾ, ಅವರು ಗೆಲ್ಲಲಿಲ್ವಾ ಅಂತ ನನ್ನ ಹತ್ತಿರ ಎಷ್ಟೋ ಜನ ವಾದ ಮಾಡಿದ್ದಾರೆ. ಗೆದ್ದರು. 2006ರಲ್ಲಿ ಪಾಮ್ ಕಂಪನಿಯ ಮುಖ್ಯಸ್ಥ ಎಡ್ ಕಾಲಿಗನ್, ಕಂಪ್ಯೂಟರ್ ಮಂದಿ ಸುಮ್ನೆ ಒಳಗೆ ನಡೆದು ಬಂದು ಫೋನ್ ಮಾಡಿಬಿಡಲಾರರು ಅನ್ನುವ ಅರ್ಥದ ಮಾತು ಹೇಳಿದ್ದರು. ಮರುವರ್ಷವೇ ಐಫೋನ್ ಬಂತು. ಅಂದಿನಿಂದ ಎಲ್ಲರೂ ಆ ಮಾತನ್ನು ಎತ್ತಿ ಎತ್ತಿ ತೋರಿಸುತ್ತಾರೆ. ನಾನು ಹೇಳುವುದು, ಒಂದು ಕಂಪನಿಯನ್ನು ಬಿಟ್ಟರೆ ಅವರ ಮಾತು ಉಳಿದ ಎಲ್ಲರ ವಿಷಯದಲ್ಲೂ ನಿಜ ಆಯಿತು. ಅವರದೇ ಕಂಪನಿಯನ್ನು ಕೊಂಡ ಎಚ್‌ಪಿ ವಿಷಯದಲ್ಲೂ ನಿಜ ಆಯಿತು. ಆಪಲ್ ಸುಮ್ನೆ ನಡೆದು ಬಂದದ್ದಲ್ಲ. 2001ರಿಂದ ಐಪಾಡ್ ಮಾಡಿ ಸಣ್ಣ ಸಾಮಾನನ್ನು ಕೋಟಿಗಟ್ಟಲೆ ತಯಾರಿಸುವುದು ಕಲಿತಿದ್ದರು. ಫೋನಿನ ಸಾಫ್ಟ್‌ವೇರ್ ತಮ್ಮ ಮ್ಯಾಕ್‌ನ ಬೇರಿನಿಂದಲೇ ಬಂದದ್ದು, ಬೇರೆಯವರ ಮನೆ ಬಾಗಿಲಲ್ಲಿ ಅಪ್‌ಡೇಟಿಗೆ ಕಾಯಬೇಕಾಗಿರಲಿಲ್ಲ. 2010ರ ಹೊತ್ತಿಗೆ ತಮ್ಮದೇ ಹೆಸರಿನ ಎ4 ಚಿಪ್ ತಂದರು. ಅದೇ ಕೆಲಸ ಬೆಳೆದು 2020ರಲ್ಲಿ ಎಂ1 ಆಗಿ ಅವರ ಲ್ಯಾಪ್‌ಟಾಪಿಗೇ ವಾಪಸ್ ಬಂತು. ಫೋನಿನಲ್ಲಿ ಕಲಿತದ್ದು ಕಂಪ್ಯೂಟರನ್ನೂ ಮೇಲೆತ್ತಿತು. ಫೋನ್ ಮಾಡಬೇಕು ಅನ್ನುವವರ ಕಡೆ ಒಂದು ಗಟ್ಟಿ ವಾದ ಇದ್ದರೆ ಅದು ಇದು. ಆದರೆ ಅದಕ್ಕೆ ಬೇಕಾದ ದಾರಿಯನ್ನು ಇವರ್ಯಾರೂ ಕೊನೆತನಕ ಹಿಡಿದಿಲ್ಲ, ಬಹುಪಾಲು ಬೇರೆಯವರ ಚಿಪ್ಪು, ಬೇರೆಯವರ ಸಾಫ್ಟ್‌ವೇರ್, ಕೆಲವೊಮ್ಮೆ ಬೇರೆಯವರ ಫೋನನ್ನೇ ತಂದು ಹೆಸರು ಹಾಕಿದ್ದಾರೆ.

ಲೆನೊವೊ ನಡುವಿನ ಉದಾಹರಣೆ. 2008ರಲ್ಲಿ ತಮ್ಮ ಫೋನ್ ವಿಭಾಗವನ್ನು 10 ಕೋಟಿ ಡಾಲರಿಗೆ ಮಾರಿದರು, 2009ರಲ್ಲಿ ಅದನ್ನೇ 20 ಕೋಟಿ ಕೊಟ್ಟು ವಾಪಸ್ ಕೊಂಡರು. ಇಷ್ಟು ಕೇಳಿದರೆ ಇವರಿಗೂ ಗೊತ್ತುಗುರಿ ಇಲ್ಲ ಅನ್ನಿಸುತ್ತದೆ. ಆದರೆ 2014ರಲ್ಲಿ ಗೂಗಲ್‌ನಿಂದ ಮೊಟೊರೊಲಾವನ್ನು ಸುಮಾರು 291 ಕೋಟಿ ಡಾಲರಿಗೆ ಕೊಂಡರಲ್ಲ, ಆಮೇಲೆ ವರ್ಷಗಟ್ಟಲೆ ನಷ್ಟ ನೋಡಿದರೂ ಬಿಟ್ಟು ಓಡಲಿಲ್ಲ. ಲೆನೊವೊ ಹೆಸರಿನ ಕೆ3 ನೋಟ್ ಇಲ್ಲಿ ಹುಡುಗರ ಅಚ್ಚುಮೆಚ್ಚಿನ ಫೋನ್ ಆಗಿತ್ತು, ಆ ಸಾಲನ್ನು ನಿಲ್ಲಿಸಿ ಮೊಟೊ ಒಂದನ್ನೇ ಹಿಡಿದರು. ಇವತ್ತು ಮೊಟೊ ಫೋನ್ ಎಲ್ಲ ಅಂಗಡಿಯಲ್ಲೂ ಇದೆ. ಕಾಂಬೊ ಕೇಳಿದರೆ ಭಾವಮೈದನ ಡ್ರಾಯರಿನಲ್ಲೇ ಸಿಗುತ್ತದೆ. ಅಪ್‌ಡೇಟ್ ವಿಷಯದಲ್ಲಿ ಇನ್ನೂ ಸುಧಾರಿಸಬೇಕು, ಆದರೂ ನಿಂತಿದ್ದಾರೆ ಅನ್ನುವುದು ದೊಡ್ಡ ಮಾತು. ಹತ್ತು ವರ್ಷ ಹಲ್ಲು ಕಚ್ಚಿ ನಿಲ್ಲುವ ಶಕ್ತಿ ಇದ್ದವರು ಬರಲಿ, ನನ್ನ ತಕರಾರಿಲ್ಲ.

ನಿಲ್ಲುವ ಶಕ್ತಿ ಇಲ್ಲದೆ ಹೋದ ಒಂದು ಒಳ್ಳೆಯ ಪ್ರಯತ್ನ ನಮ್ಮ ಊರಿನಲ್ಲೇ ನಡೆದಿತ್ತು, ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಮೇಷ್ಟ್ರುಗಳು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಮಾಡಿದ್ದರು. 2004ರಲ್ಲಿ ಅಮಿಡಾ ಸಿಂಪ್ಯೂಟರ್ ಅಂತ ಮಾರಾಟಕ್ಕೂ ಬಂತು, ತಯಾರಿಸಿದ್ದು ನಮ್ಮ ಬಿಇಎಲ್. ಲಿನಕ್ಸ್ ಮೇಲೆ ಓಡುತ್ತಿತ್ತು, ಕಡ್ಡಿ ಹಿಡಿದು ಪರದೆ ಮೇಲೆ ಬರೆಯಬಹುದಿತ್ತು, ಕೈ ವಾಲಿಸಿದರೆ ಅದು ಗುರುತಿಸುತ್ತಿತ್ತು. ಐಫೋನ್ ಬರುವ ಮೂರು ವರ್ಷ ಮುಂಚೆ! ಇದಕ್ಕೆ ದೊಡ್ಡ ಬಂಡವಾಳ ಹಾಕಿ, ಊರೂರಿಗೆ ಸರ್ವಿಸ್ ಕೊಟ್ಟು, ಮೂರನೇ ನಾಲ್ಕನೇ ಮಾಡೆಲ್ ತನಕ ಎಳೆದುಕೊಂಡು ಹೋಗುವವರು ಯಾರೂ ಸಿಗಲಿಲ್ಲ. ಎಣಿಸಿದಷ್ಟು ಮಾರಾಟ ಆಗಲಿಲ್ಲ, ನಿಂತುಹೋಯಿತು. ನಮ್ಮಲ್ಲಿ ತಲೆಗೆ ಕೊರತೆ ಇರಲಿಲ್ಲ. ಈಗಂತೂ ಕೈಗೂ ಕೊರತೆ ಇಲ್ಲ, ದೇವನಹಳ್ಳಿ ಕಡೆ ಫಾಕ್ಸ್‌ಕಾನ್‌ನಲ್ಲಿ, ನರಸಾಪುರದ ಟಾಟಾ ಕಾರ್ಖಾನೆಯಲ್ಲಿ ನಮ್ಮ ಹೆಣ್ಣುಮಕ್ಕಳೇ ಐಫೋನ್ ಜೋಡಿಸುತ್ತಿದ್ದಾರೆ. ಹಾಗಾಗಿ ಫೋನ್ ತಯಾರಿಸುವುದು ಇವತ್ತು ಯಾರಿಗೂ ದೊಡ್ಡ ವಿಷಯ ಅಲ್ಲ. ದುಡ್ಡು ಕೊಟ್ಟರೆ ಯಾರ ಹೆಸರಿನ ಫೋನ್ ಬೇಕಾದರೂ ತಯಾರಾಗುತ್ತದೆ. ತಯಾರಾದ ಮೇಲೆ ಅದನ್ನು ಸಾಕುವವರು ಬೇಕು.

ಸಾಕುವುದು ಅಸಾಧ್ಯ ಏನಲ್ಲ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ ಏಳು ವರ್ಷ ಅಪ್‌ಡೇಟ್ ಅಂತ ಮಾತು ಕೊಟ್ಟಿತು. ಮುಂದಿನ ಜನವರಿಯಲ್ಲಿ ಸ್ಯಾಮ್‌ಸಂಗ್ ಎಸ್24ಕ್ಕೆ ಅದೇ ಮಾತು ಕೊಟ್ಟಿತು. ಯುರೋಪಿನಲ್ಲಿ 2025ರ ಜೂನ್ 20ರಿಂದ ಇದು ಕಾನೂನೇ ಆಗಿದೆ. ಮಾಡೆಲ್ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್, ಏಳು ವರ್ಷ ಮುಖ್ಯ ಪಾರ್ಟ್ಸ್ ಸಿಗಬೇಕು. ನಮ್ಮಲ್ಲೂ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದೆ, ಆದರೆ ಅದರಲ್ಲಿ ಕಂಪನಿಗಳು ಮಾಹಿತಿ ಕೊಡಬಹುದು ಅನ್ನುವ ಮಟ್ಟದಲ್ಲೇ ವಿಷಯ ಇದೆ. ಕೊಡಲೇಬೇಕು ಅಂತ ಆಗಬೇಕು. ಅದೇ ಫೋನ್, ಅದೇ ಕಂಪನಿ, ಜರ್ಮನಿಯಲ್ಲಿ ತಗೊಂಡವನಿಗೆ ಕಾಂಬೊ ಸಿಗುತ್ತದೆ, ಬಸವನಗುಡಿಯಲ್ಲಿ ತಗೊಂಡವರಿಗೆ ಸಿಗಲ್ಲ ಅಂದರೆ ಯಾವ ನ್ಯಾಯ?

ಕಂಪ್ಯೂಟರ್ ಕಂಪನಿಗಳಿಗೆ ಮಾಡಲು ಬೇರೆ ಕೆಲಸ ಇಲ್ಲ ಅಂತಲೂ ಅಲ್ಲ. ಸರ್ಕಾರಿ ಶಾಲೆಯ ಲ್ಯಾಬಿನಲ್ಲಿ ಹತ್ತು ವರ್ಷ ಬಾಳುವ ಒಂದು ಗಟ್ಟಿ ಕಂಪ್ಯೂಟರ್ ಇಲ್ಲ. ಬ್ಯಾಟರಿಯನ್ನು ಮನೆಯಲ್ಲೇ ಬದಲಾಯಿಸಬಹುದಾದ ಇಪ್ಪತ್ತೈದು ಸಾವಿರದ ಲ್ಯಾಪ್‌ಟಾಪ್ ಇಲ್ಲ. ಕೀಲಿಮಣೆ ಮೇಲೆ ಕನ್ನಡ ಅಕ್ಷರ ಅಚ್ಚು ಮಾಡಿ ಮಾರುವವರನ್ನು ಬೆಂಗಳೂರಿನಲ್ಲೇ ಹುಡುಕಬೇಕು, ನಮ್ಮಲ್ಲಿಗೆ ಬರುವ, ಪುಟ ಜೋಡಿಸುವ ಡಿಟಿಪಿಯವರು ಈಗಲೂ ಸ್ಟಿಕರ್ ಕೇಳುತ್ತಾರೆ. ಹಿಂಜ್ (ಪರದೆ ಮಡಚುವ ಕೀಲು) ಮುರಿದ ಲ್ಯಾಪ್‌ಟಾಪ್ ನಮ್ಮ ಟೇಬಲ್ ಮೇಲೆ ಬಾರದ ದಿನ ಇಲ್ಲ, ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ಹಿಡಿಯುವ ಜಾಗ ತೆಳುವಾಗಿರುವುದೇ ಅದಕ್ಕೆ ಕಾರಣ ಅಂತ ಬರೀ ಕಣ್ಣಿಗೇ ಕಾಣುತ್ತದೆ. ಐಟಿ ಹಾರ್ಡ್‌ವೇರ್ ಇಲ್ಲೇ ಮಾಡಿ ಅಂತ ಕೇಂದ್ರ 2023ರಲ್ಲಿ 17,000 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ತಂದಿದೆ. ಫೋನಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಈ ಕಡೆ ಬಂದರೆ ಅವರ ಹೆಸರೂ ಉಳಿಯುತ್ತದೆ, ನಮ್ಮ ಗಿರಾಕಿಗಳೂ ಉಳಿಯುತ್ತಾರೆ.

ಕೊನೆಯದಾಗಿ ನಿಮ್ಮ ಪತ್ರಿಕೆಗೇ ಒಂದು ಕೋರಿಕೆ. ಯಾವುದೇ ಕಂಪನಿ ಫೋನ್ ಬಿಡುಗಡೆ ಮಾಡಿದಾಗ ನಿಮ್ಮಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಚಾರ್ಜ್ ಎಷ್ಟು ನಿಮಿಷ, ಬೆಲೆ ಎಷ್ಟು ಅಂತ ವಿವರವಾಗಿ ಬರುತ್ತದೆ, ನಾನೂ ಓದುತ್ತೇನೆ. ಅದರ ಜೊತೆ ಎರಡು ಸಾಲು ಸೇರಿಸಿ. ಈ ಫೋನಿಗೆ ಯಾವ ವರ್ಷದವರೆಗೆ ಅಪ್‌ಡೇಟ್ ಬರುತ್ತದೆ, ಡಿಸ್ಪ್ಲೇ ಮತ್ತು ಬ್ಯಾಟರಿ ಎಷ್ಟು ವರ್ಷ, ಎಷ್ಟು ಬೆಲೆಗೆ ಸಿಗುತ್ತದೆ. ಕಂಪನಿಯವರನ್ನು ಕೇಳಿ, ಉತ್ತರ ಕೊಟ್ಟರೆ ಅಚ್ಚು ಹಾಕಿ. ಕೊಡದಿದ್ದರೆ "ಕಂಪನಿ ಉತ್ತರ ಕೊಡಲಿಲ್ಲ" ಅಂತಲೇ ಹಾಕಿ. ಹೊಸಬರಾಗಿ ಬರುವ ಕಂಪ್ಯೂಟರ್ ಕಂಪನಿಗಳ ಫೋನ್ ಆದರೆ ಆ ಎರಡು ಸಾಲನ್ನು ಬೆಲೆಗಿಂತ ಮೇಲೆ ಹಾಕಿ.

ವಂದನೆಗಳೊಂದಿಗೆ,
ಎಸ್.ಪಿ. ರಸ್ತೆಯ ಒಬ್ಬ ಓದುಗ, ಬೆಂಗಳೂರು